ತುಕ್ಕು ಹಿಡಿದ ಸೈಡ್ ಸ್ಟೆಪ್ ಬಿಚ್ಚುವುದು: ಯಾವ ಬೋಲ್ಟ್ ಉಳಿಯಬೇಕು, ಯಾವುದು ಹೋದರೂ ಚಿಂತೆಯಿಲ್ಲ

ಸೈಡ್ ಸ್ಟೆಪ್ ಎಂದರೆ ಗಾಡಿ ಹತ್ತಲು ಬಾಗಿಲ ಕೆಳಗಿರುವ ಮೆಟ್ಟಿಲು. ಅದನ್ನು ಬಿಚ್ಚುವುದು, ಹೇಳುವುದಾದರೆ, ಒಂದೇ ಸಾಲಿನ ಕೆಲಸ: ಬೋಲ್ಟ್ ಸಡಿಲಿಸಿ, ಬ್ರ್ಯಾಕೆಟ್ ಸಮೇತ ಸ್ಟೆಪ್ ಇಳಿಸಿ. ಆದರೆ ಮಂಗಳೂರು, ಉಡುಪಿ, ಕಾರವಾರದ ಕಡೆ ಹತ್ತಾರು ಮಳೆಗಾಲ ಕಂಡ ಜಿಪ್ಸಿಯೋ ಬೊಲೆರೊವೋ ಶೆಡ್ಡಿಗೆ ಬಂದರೆ ಆ ಒಂದು ಸಾಲು ಅರ್ಧ ದಿನವನ್ನು ನುಂಗುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಮೇಲೆ ಉಪ್ಪಿನ ಗಾಳಿ. ಸ್ಟೆಪ್ ಇರುವುದೋ, ಮುಂದಿನ ಚಕ್ರ ಎರಚುವ ಕೆಸರು ನೇರವಾಗಿ ಬಂದು ಬಡಿಯುವ ಜಾಗದಲ್ಲಿ.

ಮೊದಲು ಕಾರಣ ತಿಳಿದಿರಲಿ. ಕಬ್ಬಿಣ ತುಕ್ಕಾದಾಗ ಮೂಲ ಗಾತ್ರದ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ನಟ್ಟು ಬೋಲ್ಟುಗಳ ಥ್ರೆಡ್‌ಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಅದು ಉಬ್ಬಿ, ಬೆಣೆ ಹೊಡೆದ ಹಾಗೆ ಬಿಗಿದುಕೊಳ್ಳುತ್ತದೆ. ಎಣ್ಣೆ ಈ ತುಕ್ಕನ್ನು ಕರಗಿಸುವುದಿಲ್ಲ, ಸಂದಿಗೆ ಇಳಿದು ಜಾರುವಂತೆ ಮಾಡುತ್ತದೆ ಅಷ್ಟೇ. ತುಕ್ಕನ್ನು ಒಡೆಯುವುದು ಪೆಟ್ಟು ಮತ್ತು ಶಾಖ.

ಸ್ಪ್ಯಾನರ್ ಹಿಡಿಯುವ ಮುನ್ನ ಗಾಡಿಯ ಕೆಳಗೆ ಮಲಗಿ, ವೈರ್ ಬ್ರಷ್‌ನಿಂದ ಉಜ್ಜಿ, ಪ್ರತಿ ಬೋಲ್ಟ್ ಯಾವ ಬಗೆಯದು ಎಂದು ನೋಡಿ. ಆಚೆ ಬದಿಯಲ್ಲಿ ನಟ್ಟು ಕಂಡರೆ ಅದು ಆರಪಾರು ಬೋಲ್ಟ್. ಅದರ ಮೇಲೆ ಕರುಣೆ ಬೇಡ. ಗ್ರೈಂಡರ್‌ನಲ್ಲಿ ನಟ್ಟು ಕತ್ತರಿಸಿ, ಪಂಚ್ ಇಟ್ಟು ಹೊಡೆದು ತೆಗೆಯಿರಿ. ಕೆಲವು ರೂಪಾಯಿಯ ಬೋಲ್ಟಿಗಾಗಿ ಒಂದು ಗಂಟೆ ಗುದ್ದಾಡುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ. ಯು ಕ್ಲಾಂಪಿಗೂ ಇದೇ ಮದ್ದು. ಆದರೆ ಚಾಸಿಯ (ಗಾಡಿಯ ಅಡಿಚೌಕಟ್ಟಿನ) ಪೆಟ್ಟಿಗೆಯಂಥ ಭಾಗದ ಒಳಗೆ ವೆಲ್ಡ್ ಮಾಡಿ ಕೂರಿಸಿದ ನಟ್ಟಿಗೆ ಹೋಗುವ ಬೋಲ್ಟ್ ಇದ್ದರೆ ತಾಳ್ಮೆಯನ್ನೆಲ್ಲ ಅದಕ್ಕೇ ಮೀಸಲಿಡಿ. ಅದು ಮುರಿದರೆ, ಅಥವಾ ಒಳಗಿನ ನಟ್ಟಿನ ವೆಲ್ಡ್ ಬಿಟ್ಟು ಸುತ್ತತೊಡಗಿದರೆ, ಅಲ್ಲಿಗೆ ಕೈ ಹೋಗುವುದಿಲ್ಲ.

ಇಂಥ ಬೋಲ್ಟಿಗೆ ಹಿಂದಿನ ದಿನವೇ ಪೆನೆಟ್ರೇಟಿಂಗ್ ಎಣ್ಣೆ ಹಾಕಿಡಿ. ಮರುದಿನ ಆರು ಮೂಲೆಯ ಸಾಕೆಟನ್ನೇ ಬಳಸಿ. ಹನ್ನೆರಡು ಮೂಲೆಯದು ಸವೆದ ತಲೆಯನ್ನು ಉರುಟು ಮಾಡಿಬಿಡುತ್ತದೆ. ಅಳತೆಯ ವಿಷಯದಲ್ಲೂ ಎಚ್ಚರ: ಎಂ8 (ಅಂದರೆ 8 ಮಿ.ಮೀ. ದಪ್ಪದ) ಬೋಲ್ಟಿನ ತಲೆ ಸಾಮಾನ್ಯವಾಗಿ 13 ಮಿ.ಮೀ., ಜಪಾನಿ ಮಾನದಂಡದ್ದಾದರೆ 12. ಎಂ10ಕ್ಕೆ 17 ಅಥವಾ 16, ಜಪಾನಿ ಆದರೆ 14. ಬೋಲ್ಟ್ ತಲೆಗೆ ನೇರವಾಗಿ ನಾಲ್ಕು ಪೆಟ್ಟು ಕೊಟ್ಟು, ಮೊದಲು ತುಸು ಬಿಗಿಯುವ ದಿಕ್ಕಿಗೆ ತಿರುಗಿಸಿ, ಆಮೇಲೆ ಸಡಿಲಿಸಿ. ಕೀಚ್ ಎಂದು ಸದ್ದು ಬಂದು ಕೆಂಪು ಪುಡಿ ಉದುರಿದರೆ ದಾರಿ ಸರಿಯಿದೆ: ಕಾಲು ಸುತ್ತು ಮುಂದೆ, ಅರ್ಧದಷ್ಟು ಹಿಂದೆ, ನಡುವೆ ಎಣ್ಣೆ. ತಲೆ ತಿರುಗಿದಂತೆ ಕಂಡು, ಕೈ ಬಿಟ್ಟೊಡನೆ ಹಿಂದಕ್ಕೆ ಬಂದರೆ ಮಾತ್ರ ತಕ್ಷಣ ನಿಲ್ಲಿಸಿ. ಥ್ರೆಡ್ ಅಲುಗಿಲ್ಲ, ಬೋಲ್ಟೇ ತಿರುಚಿಕೊಳ್ಳುತ್ತಿದೆ.

ಇಲ್ಲಿ ಒಂದು ಲೆಕ್ಕ. 8.8 ದರ್ಜೆಯ (ಇದು ಬೋಲ್ಟಿನ ಬಲದ ದರ್ಜೆ) ಎಂ8 ಬೋಲ್ಟನ್ನು ಬಿಗಿಯುವುದೇ ಸುಮಾರು 25 ನ್ಯೂಟನ್ ಮೀಟರ್ ಟಾರ್ಕಿಗೆ, ಅಂದರೆ ತಿರುಗಿಸುವ ಬಲಕ್ಕೆ. ಅದರ ದುಪ್ಪಟ್ಟು ತಲುಪುವಷ್ಟರಲ್ಲಿ ಹೊಸ ಬೋಲ್ಟೂ ಮುರಿಯುವ ಹಂತಕ್ಕೆ ಬರುತ್ತದೆ. ಒಂದಡಿ ಉದ್ದದ ಹಿಡಿಯನ್ನು 15 ಕೆ.ಜಿ. ಬಲದಿಂದ ಎಳೆದರೆ 45 ಆಯಿತು. ಅದಕ್ಕೆ ಪೈಪ್ ಬೇರೆ ತೂರಿಸಿದರೆ ಫಲಿತಾಂಶ ಹೇಳಬೇಕಿಲ್ಲ.

ಇನ್ನೂ ಜಗ್ಗದಿದ್ದರೆ ಶಾಖ. ಉಕ್ಕು ಒಂದು ಡಿಗ್ರಿಗೆ ತನ್ನ ಅಳತೆಯ ದಶಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. ಎಂ10 ನಟ್ಟು 300 ಡಿಗ್ರಿ ಬಿಸಿಯಾದರೆ ರಂಧ್ರ ದೊಡ್ಡದಾಗುವುದು ಸುಮಾರು 0.036 ಮಿ.ಮೀ. ಅತ್ಯಲ್ಪ, ಆದರೂ ತುಕ್ಕಿನ ಪದರ ಬಿರುಕು ಬಿಡಲು ಸಾಕು. ಬಿಸಿ ಮಾಡಬೇಕಾದದ್ದು ನಟ್ಟಿನ ಸುತ್ತಲಿನ ಚಾಸಿಯನ್ನು, ಬೋಲ್ಟ್ ತಲೆಯನ್ನಲ್ಲ. ಹಾಕಿದ ಎಣ್ಣೆಯನ್ನು ಪೂರ್ತಿ ಒರೆಸಿದ ಮೇಲಷ್ಟೇ ಜ್ವಾಲೆ. ಚಾಸಿಯ ಒಳಬದಿಯಲ್ಲಿ ಬ್ರೇಕ್ ಪೈಪ್, ಇಂಧನದ ಪೈಪ್, ವೈರಿಂಗ್ ಹಾದುಹೋಗುವುದುಂಟು. ಕೈಯಾಡಿಸಿ, ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಪೈಪ್ ಹತ್ತಿರವಿದ್ದರೆ ಜ್ವಾಲೆಯ ಯೋಚನೆ ಬಿಡಿ.

ಮುರಿದೇ ಹೋಯಿತೆನ್ನಿ. ತುಂಡು ಹೊರಗೆ ಚಾಚಿದ್ದರೆ ಅದರ ಮೇಲೆ ಹೊಸ ನಟ್ಟು ಇಟ್ಟು ವೆಲ್ಡ್ ಮಾಡಿ, ಬಿಸಿ ತುಸು ಇಳಿದ ಮೇಲೆ ತಿರುಗಿಸಿ. ಹಿಡಿತವೂ ಶಾಖವೂ ಒಟ್ಟಿಗೆ ಸಿಗುತ್ತವೆ. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿ ಸಂಪರ್ಕ ತಪ್ಪಿಸುವುದನ್ನು ಮರೆಯಬೇಡಿ. ಮಟ್ಟಸವಾಗಿ ಮುರಿದಿದ್ದರೆ ನಡುವಿಗೆ ಸೆಂಟರ್ ಪಂಚ್ ಹೊಡೆದು, ಎಂ8ಕ್ಕೆ 6.8, ಎಂ10ಕ್ಕೆ 8.5 ಮಿ.ಮೀ.ವರೆಗೆ ಹಂತಹಂತವಾಗಿ ಡ್ರಿಲ್ ಮಾಡಿ, ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಿ. ಮುರಿದ ತುಂಡಿನೊಳಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಎಡಸುತ್ತಿನ ಎಕ್ಸ್‌ಟ್ರ್ಯಾಕ್ಟರ್ ಮೇಲೆ ನನಗೆ ನಂಬಿಕೆ ಕಡಿಮೆ. ಅದು ತೀರಾ ಗಟ್ಟಿಯಾದ ಉಕ್ಕು; ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು.

ಕೊನೆಯ ಬೋಲ್ಟ್ ತೆಗೆಯುವಾಗ ಸ್ಟೆಪ್ ಕೆಳಗೆ ಆಸರೆ ಇರಲಿ. ಇಳಿದ ಮೇಲೆ ಬ್ರ್ಯಾಕೆಟ್ ಮುಚ್ಚಿದ್ದ ಜಾಗವನ್ನು ಸುತ್ತಿಗೆಯಿಂದ ತಟ್ಟಿ: ಗಣಗಣ ಎಂದರೆ ಚಾಸಿ ಗಟ್ಟಿ, ಮಂಕು ಸದ್ದು ಬಂದು ಪದರ ಕಳಚಿದರೆ ಸ್ಟೆಪ್ಪಿನ ಮಾತು ಅತ್ತಿಟ್ಟು ಚಾಸಿ ನೋಡಿಕೊಳ್ಳಬೇಕು. ಸರಿಯಿದ್ದರೆ ಸತುವಿನ ಪ್ರೈಮರ್ ಬಳಿಯಿರಿ.

ಹೊಳೆಯುವ ಸ್ಟೇನ್‌ಲೆಸ್ ಸ್ಟೆಪ್ ಹಾಗೇ ಇದ್ದು ಬೋಲ್ಟ್ ಮಾತ್ರ ಕರಗಿಹೋಗಿರುವುದನ್ನು ನೀವೂ ನೋಡಿರಬಹುದು. ಉಪ್ಪುನೀರಿನಲ್ಲಿ ದೊಡ್ಡ ಸ್ಟೇನ್‌ಲೆಸ್ ಭಾಗಕ್ಕೆ ತಾಗಿದ ಸಣ್ಣ ಸಾದಾ ಉಕ್ಕು ಬೇಗ ಸವೆಯುತ್ತದೆ. ಅಂಥ ಕಡೆ ನಡುವೆ ನೈಲಾನ್ ವಾಷರ್ ಮತ್ತು ಬೋಲ್ಟಿಗೆ ತೊಡಿಸುವ ನೈಲಾನ್ ಸ್ಲೀವ್ ಕೊಡಿ. ಹೊಸ ಬೋಲ್ಟಿಗೆ ಕಾಪರ್ ಗ್ರೀಸ್ ಹಚ್ಚಿದರೆ ಥ್ರೆಡ್ ಜಾರುವುದರಿಂದ ಅದೇ ಟಾರ್ಕಿಗೆ ಬಿಗಿತ ಹೆಚ್ಚಾಗುತ್ತದೆ. ಎಂ8ಕ್ಕೆ 25ರ ಬದಲು 20ರ ಆಸುಪಾಸು ಸಾಕು.