ಬಿಯರಿನ ಬಾಳೆಹಣ್ಣಿನ ವಾಸನೆ ನೊಣಕ್ಕೆ ಬರೆದ ಕಾಗದ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಗೆಳೆಯನ ಮನೆ ತಾರಸಿ. ಪೇಪರ್ ಹಾಸಿ ಮಂಡಕ್ಕಿ, ಮೆಣಸಿನಕಾಯಿ ಇಟ್ಟಿದ್ದ. ಜೊತೆಗೆ ಅವನ ಮಗ ಬೆಲ್ಜಿಯಂನಿಂದ ತಂದ ಒಂದು ಬಾಟಲಿ ಬಿಯರ್. 330 ಮಿಲಿಲೀಟರ್, ಆಲ್ಕೋಹಾಲ್ ಶೇಕಡ 9. ಕಾಡಿನಲ್ಲಿ ಆಯ್ದು ತಂದ ಜುನಿಪರ್ ಕಾಯಿ, ಸ್ಪ್ರೂಸ್ ಮರದ ಎಳೆ ಚಿಗುರು ಹಾಕಿ ಮಾಡಿದ್ದಂತೆ.

ಗ್ಲಾಸಿಗೆ ಸುರಿದಾಗ ಜೋನಿಬೆಲ್ಲದ ಬಣ್ಣ. ಮೂಗಿನ ಹತ್ತಿರ ತಂದರೆ ಮೊದಲು ಬಂದದ್ದು ಕಾಡಿನ ವಾಸನೆಯಲ್ಲ, ಬಾಳೆಹಣ್ಣಿನದು! ಚೆನ್ನಾಗಿ ಕಳಿತು ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು. ಅದರ ಹಿಂದೆ ಲವಂಗ. ಬಾಯಿಗೆ ಹಾಕಿದ ಮೇಲೆ ಜುನಿಪರಿನ ರಾಳದಂಥ ಘಾಟು, ಕೊನೆಗೆ ಗಂಟಲಲ್ಲಿ ಉಳಿದ ಕಹಿ. 'ಇದಕ್ಕೆ ಬಾಳೆಹಣ್ಣೂ ಹಾಕ್ತಾರಾ?' ಅಂದ ಗೆಳೆಯ. ಲೇಬಲ್ ತಿರುಗಿಸಿ ನೋಡಿದೆವು. ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ.

ಆ ಎರಡೂ ವಾಸನೆ ಹುಟ್ಟಿಸಿದ್ದು ಯೀಸ್ಟ್ ಅನ್ನುವ ಸೂಕ್ಷ್ಮಜೀವಿ. ಬಾಳೆಹಣ್ಣಿನ ವಾಸನೆಯ ಹೆಸರು ಐಸೋಅಮೈಲ್ ಅಸಿಟೇಟ್. ಹಣ್ಣಿನಲ್ಲಿರುವುದೂ ಇದೇ, ಮಿಠಾಯಿಗೆ ಹಾಕುವ ಎಸೆನ್ಸೂ ಇದೇ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅದು ಈ ವಾಸನೆಯನ್ನು ಯಾಕೆ ಮಾಡಬೇಕು? ನಮ್ಮ ಮೂಗಿಗೆ ಖುಷಿಯಾಗಲಿ ಅಂತಲ್ಲ.

ಯೀಸ್ಟಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಕೂತ ಹಣ್ಣಿನಲ್ಲಿ ಸಕ್ಕರೆ ಮುಗಿದರೆ ಅದರ ಕತೆ ಮುಗಿಯಿತು. ಇನ್ನೊಂದು ಹಣ್ಣಿಗೆ ಹೋಗಬೇಕು, ಹೋಗುವುದು ಹೇಗೆ? ಹಳ್ಳಿ ಗೇಟಿನಲ್ಲಿ ಗಂಟು ಹಿಡಿದು ಬಸ್ಸಿಗೆ ಕೈ ಮಾಡುವ ಅಜ್ಜಿಯ ಹಾಗೆ, ಯೀಸ್ಟ್ ವಾಸನೆಯಿಂದ ಕೈ ಮಾಡುತ್ತದೆ. ಬಸ್ಸು ಅಂದರೆ ಹಣ್ಣಿನ ನೊಣ. ಇನ್ನೊಂದು ರೀತಿ ಹೇಳುತ್ತೇನೆ. ನಮ್ಮೂರ ಬೆಣ್ಣೆ ದೋಸೆ ಹೋಟೆಲಿನವರು ಬೀದಿಗೆ ಬಂದು ಯಾರನ್ನೂ ಕರೆಯುವುದಿಲ್ಲ. ಹಂಚಿನ ಮೇಲೆ ಕರಗಿದ ಬೆಣ್ಣೆಯೇ ಕರೆಯುತ್ತದೆ. ನೊಣಕ್ಕೆ ಊಟ ಸಿಗುತ್ತದೆ, ಅದರ ಕಾಲಿಗಂಟಿದ ಯೀಸ್ಟಿಗೆ ಹೊಸ ಹಣ್ಣು ಸಿಗುತ್ತದೆ.

ಇದು ಸುಮ್ನೆ ಊಹೆಯಲ್ಲ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಕೆವಿನ್ ವೆರ್‌ಸ್ಟ್ರೆಪೆನ್ ಪಿಎಚ್‌ಡಿ ಮಾಡುತ್ತಿದ್ದಾಗ ಯೀಸ್ಟ್ ಇದ್ದ ಎರಡು ಫ್ಲಾಸ್ಕ್‌ಗಳನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಪಕ್ಕದ ಲ್ಯಾಬಿನಿಂದ ತಪ್ಪಿಸಿಕೊಂಡ ನೊಣಗಳೆಲ್ಲ ಅದರಲ್ಲಿ ಒಂದೇ ಫ್ಲಾಸ್ಕಿಗೆ ನುಗ್ಗಿದ್ದವು, ವಾಸನೆ ಜಾಸ್ತಿ ಇದ್ದ ಯೀಸ್ಟಿಗೆ! ಮುಂದೆ ಅವರ ತಂಡ ಈ ವಾಸನೆ ಮಾಡುವ ಎಟಿಎಫ್1 ಅನ್ನುವ ಒಂದೇ ಒಂದು ಜೀನನ್ನು ಯೀಸ್ಟಿನಿಂದ ತೆಗೆದು ನೋಡಿತು. ನೊಣಗಳಿಗೆ ಆ ಯೀಸ್ಟಿನ ಮೇಲೆ ಮೊದಲಿನ ಆಸೆ ಉಳಿಯಲಿಲ್ಲ. ಅದು ಪ್ರಕಟವಾದದ್ದು 2014ರಲ್ಲಿ.

ಕಣಜದ ಹುಳುವೂ ಇಂಥದೇ ಬಸ್ಸು. ಚಳಿಗಾಲದಲ್ಲಿ ಹಣ್ಣೇ ಇಲ್ಲದಾಗ ಯೀಸ್ಟ್ ಆ ಹುಳುವಿನ ಹೊಟ್ಟೆಯಲ್ಲಿ ಉಳಿದಿರುತ್ತದೆ, ಅದರ ಮರಿಗಳಿಗೂ ದಾಟುತ್ತದೆ ಅಂತ ಇಟಲಿಯ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ದ್ರಾಕ್ಷಿ ಮೇಲಿನ ಬಿಳಿ ಪುಡಿಯೇ ಯೀಸ್ಟ್ ಅಂತ ತುಂಬಾ ಜನ ಹೇಳುತ್ತಾರೆ. ಅದು ಮೇಣ. ಬಿಯರ್ ಮಾಡುವ ಯೀಸ್ಟ್ ಗಟ್ಟಿ ಸಿಪ್ಪೆಯ ಮೇಲೆ ಸಿಗುವುದು ಅಪರೂಪ, ಒಡೆದ ಹಣ್ಣಿನಲ್ಲಿ ಸಿಗುತ್ತದೆ. ಚಿತ್ರದುರ್ಗ ಸೀಮೆಯ ಈಚಲು ಹೆಂಡಕ್ಕೂ ಯಾರೂ ಯೀಸ್ಟ್ ಹಾಕುತ್ತಿರಲಿಲ್ಲ. ಗಡಿಗೆಯ ಒಳಮೈಗೆ ಅಂಟಿದ್ದು, ನೊಣ ಜೇನು ತಂದದ್ದು, ಅಷ್ಟೇ ಸಾಕಿತ್ತು. 1939ರಲ್ಲಿ ತುರುವನೂರಿನ ಜನ ಆ ಈಚಲು ಮರಗಳನ್ನೇ ಕಡಿದು ಸತ್ಯಾಗ್ರಹ ಮಾಡಿದರು. ಹೆಂಡ ಮನೆ ಹಾಳು ಮಾಡುವುದನ್ನು ಕಣ್ಣಾರೆ ಕಂಡವರು ಅವರು.

1516ರ ಬವೇರಿಯಾದ ಕಾನೂನು ಬಿಯರಿಗೆ ಬಾರ್ಲಿ, ಹಾಪ್ಸ್ ಅನ್ನುವ ಕಹಿ ಹೂವು, ನೀರು ಮೂರೇ ಸಾಕು ಅಂದಿತು. ಯೀಸ್ಟಿನ ಹೆಸರೇ ಇಲ್ಲ! ಅದೊಂದು ಜೀವ, ಹುಳಿ ಬರಿಸುವುದು ಅದೇ ಅಂತ ಪಾಶ್ಚರ್ ತೋರಿಸಿಕೊಡಲು ಇನ್ನೂ ಮುನ್ನೂರು ವರ್ಷ ಮೇಲಾಗಬೇಕಿತ್ತು.

ಅಷ್ಟರಲ್ಲಿ ಗೆಳೆಯ ಮೆಣಸಿನಕಾಯಿ ಕಚ್ಚಿ, ಖಾರ ಇಳಿಯಲಿ ಅಂತ ಗಟಗಟ ಕುಡಿದ. ಕಣ್ಣಲ್ಲಿ ನೀರು. ಖಾರ ಹಿಡಿಯುವ ನರದ ಬಾಗಿಲು ಸುಮಾರು 42 ಡಿಗ್ರಿ ಬಿಸಿಗೆ ತೆರೆಯುವಂಥದ್ದು. ಆಲ್ಕೋಹಾಲ್ ಸೋಕಿದರೆ 34ಕ್ಕೇ ತೆರೆದುಕೊಳ್ಳುತ್ತದೆ. ನಮ್ಮ ಮೈ ಬಿಸಿಯೇ 37, ಉರಿಯದೆ ಇರುತ್ತಾ?

'ಬಿಯರ್ ತಾನೆ ಮಾರಾಯ, ಅದೂ ಕಾಡಿನ ಸಾಮಾನು, ಏನೂ ಆಗಲ್ಲ' ಅಂದ. ಈ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಉಮ್ಮತ್ತಿಯೂ ಕಾಡಿನದೇ ಅಲ್ವಾ? ಪೇಪರಿನ ಅಂಚಲ್ಲೇ ಲೆಕ್ಕ ಹಾಕಿ ತೋರಿಸಿದೆ. 330ರಲ್ಲಿ ಶೇಕಡ 9 ಅಂದರೆ ಸುಮಾರು 30 ಮಿಲಿಲೀಟರ್ ಶುದ್ಧ ಆಲ್ಕೋಹಾಲ್. ನಮ್ಮ ವಿಸ್ಕಿಯ ಒಂದು ಸಣ್ಣ ಪೆಗ್ಗಿನಲ್ಲಿ ಇರುವುದು 13ರ ಹತ್ತಿರ. ಈ ಪುಟ್ಟ ಬಾಟಲಿ ಎರಡು ಪೆಗ್ಗಿಗಿಂತ ಜಾಸ್ತಿ. ಯಕೃತ್ತಿಗೆ ಆಲ್ಕೋಹಾಲ್ ಜುನಿಪರ್ ಜೊತೆ ಬಂತೋ ಬೆಲ್ಲದ ಜೊತೆ ಬಂತೋ ಒಂದೇ. ಗೆಳೆಯ ಲೆಕ್ಕವನ್ನು ಎರಡು ಸಲ ನೋಡಿದ. ಬೈಕಿನ ಕೀ ಮಗನ ಕೈಗೆ ಕೊಟ್ಟ.

ಬಾಟಲಿಯ ತಳದಲ್ಲಿ ಬೂದು ಬಣ್ಣದ ಗಸಿ ನಿಂತಿತ್ತು. ಅದೆಲ್ಲ ಯೀಸ್ಟ್. ಮನೆಗೆ ತಂದು ತೊಳೆಯದೆ ಹಿತ್ತಲ ಗೋಡೆ ಮೇಲೆ ಇಟ್ಟೆ. ಬೆಳಿಗ್ಗೆ ನೋಡಿದರೆ ಬಾಯಂಚಿನಲ್ಲಿ ಐದು ಸಣ್ಣ ನೊಣ. ಒಂದು ಒಳಗಿಳಿದು ಗಸಿಯ ಮೇಲೆಲ್ಲ ಓಡಾಡಿ ಹೊರಬಂತು. ಮುಂಗಾಲು ಉಜ್ಜಿಕೊಂಡು, ಪಕ್ಕದ ಮನೆಯ ಪಪ್ಪಾಯಿ ಗಿಡದ ಕಡೆ ಹಾರಿಹೋಯಿತು.