ಫಾಂಟ್ ಕೆಟ್ಟಿಲ್ಲ, ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ

ರಾಜ್ಯೋತ್ಸವ ಹತ್ತಿರ ಬಂತೆಂದರೆ ಮುಂಬೈಯ ಸಂಘಗಳಿಂದ ನನಗೆ ಒಂದೇ ತರದ ಫೋನ್ ಬರುತ್ತದೆ. "ಒತ್ತಕ್ಷರ ಕೂರ್ತಾ ಇಲ್ಲ, ಸಾಫ್ಟ್‌ವೇರ್ ಹಾಳಾಗಿದೆ." ವಿಚಾರಿಸಿದರೆ, ಅಷ್ಟರಲ್ಲಾಗಲೇ ಫೋಟೋಶಾಪ್ ತೆಗೆದು ಮತ್ತೆ ಹಾಕಿರುತ್ತಾರೆ. ಸಿಕ್ಕಸಿಕ್ಕ ಫಾಂಟೆಲ್ಲ ಇಳಿಸಿರುತ್ತಾರೆ. ಕೆಲವರು ಇಡೀ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸಿರುತ್ತಾರೆ. ಆಮೇಲೂ ಆಮಂತ್ರಣದಲ್ಲಿ 'ವಾರ್‌ಷಿಕೋತ್‌ಸವ' ಹಾಗೇ ಇರುತ್ತದೆ.

ಫಾಂಟ್ ಕೆಟ್ಟಿರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಹಾಗಾಗಿ ಬಿಡಿಸಿ ಹೇಳುತ್ತೇನೆ.

'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಭಾಷೆಗಳ ಅಕ್ಷರಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಅದು 6 ಸಂಕೇತ: ಸ, ಹಲಂತ (ಸ್ವರ ತೆಗೆಯುವ ಚಿಹ್ನೆ), ತ, ಹಲಂತ, ರ, ಈಕಾರದ ಚಿಹ್ನೆ. ಒತ್ತಿಗೆಂದು ಅಲ್ಲಿ ಬೇರೆ ಸಂಕೇತವೇ ಇಲ್ಲ. ಇವನ್ನು ಹೇಗೆ ಜೋಡಿಸಬೇಕು ಎಂಬ ನಿಯಮ ಫಾಂಟಿನೊಳಗಿರುತ್ತದೆ. ಅದನ್ನು ಓದಿ ಪಾಲಿಸುವ ಕೆಲಸ ಸಾಫ್ಟ್‌ವೇರಿನ ಟೆಕ್ಸ್ಟ್ ಎಂಜಿನ್‌ದು. 'ವಾರ್ಷಿಕ'ದ ಅರ್ಕಾವತ್ತು ನೋಡಿ. ಟೈಪ್ ಮಾಡುವಾಗ ರ ಮೊದಲು ಬರುತ್ತದೆ, ಅದರ ಗುರುತು ಮಾತ್ರ ಷಿ ಆದಮೇಲೆ ಕೂರಬೇಕು. ಇಂಗ್ಲಿಷ್‌ಗೆಂದು ಹೊಂದಿಸಿದ ಎಂಜಿನ್‌ಗೆ ಈ ಹಿಂದುಮುಂದು ಗೊತ್ತಿಲ್ಲ. ಟೈಪ್ ಮಾಡಿದ ಕ್ರಮದಲ್ಲೇ ಇಟ್ಟುಬಿಡುತ್ತದೆ. ಅಂಥ ಎಂಜಿನ್‌ಗೆ ಎಷ್ಟು ಒಳ್ಳೆಯ ಫಾಂಟ್ ಕೊಟ್ಟರೂ ಅಷ್ಟೇ.

ಡೊಂಬಿವಲಿಯ ಒಬ್ಬ ಹುಡುಗ ಹಗಲು ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಾನೆ, ರಾತ್ರಿ ಅನಿಮೇಷನ್ ವಿಡಿಯೋ ಮಾಡುವ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್ ಕಲಿಯುತ್ತಾನೆ. ಚಲನೆಯ ಘಟ್ಟಗಳನ್ನು ಗುರುತಿಸುವ ಕೀಫ್ರೇಮ್‌ಗಳನ್ನು ಅಚ್ಚುಕಟ್ಟಾಗಿ ಹಾಕುತ್ತಾನೆ. ಸತ್ಯನಾರಾಯಣ ಪೂಜೆಯ ಆಮಂತ್ರಣದ ವಿಡಿಯೋದಲ್ಲಿ 'ಸತ್‌ಯ' ಅಂತ ಬಂದದ್ದಕ್ಕೆ, ಹೊಸ ಲ್ಯಾಪ್‌ಟಾಪ್ ತಗೋ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಕೇಳಿ ನನಗೆ ಸಿಟ್ಟೇ ಬಂತು. ಆ ದುಡ್ಡು ಅವನಿಗೆ ಎಲ್ಲಿಂದ ಬರಬೇಕು? ಅವನು ನೋಡಿ ಕಲಿತ ಪಾಠಗಳಲ್ಲೆಲ್ಲ ಇಂಗ್ಲಿಷ್ ಅಕ್ಷರಗಳೇ. ಎಂಜಿನ್ ಬದಲಿಸುವ ಸೆಟ್ಟಿಂಗ್ ಒಂದಿದೆ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ.

"ಅದೇ ಸಾಲನ್ನು ನೋಟ್‌ಪ್ಯಾಡ್‌ಗೆ ಹಾಕು, ಅದೇ ಫಾಂಟ್ ಕೊಡು," ಎಂದೆ. ಹಾಕಿದ. ಒತ್ತೆಲ್ಲ ಸರಿಯಾಗಿತ್ತು. ನೀವೂ ಮೊದಲು ಇದನ್ನೇ ಮಾಡಿ. ಅಲ್ಲಿ ಸರಿ ಇದ್ದರೆ ತೊಂದರೆ ಹೆಚ್ಚಾಗಿ ಎಂಜಿನ್‌ನಲ್ಲಿ. ಪ್ರಿಫರೆನ್ಸಸ್‌ನಲ್ಲಿ ಟೈಪ್ ತೆರೆದರೆ, ಆಫ್ಟರ್ ಎಫೆಕ್ಟ್ಸ್ ಆಗಲಿ ಫೋಟೋಶಾಪ್‌ನ ಹಳೆಯ ಆವೃತ್ತಿ ಆಗಲಿ, ಸೌತ್ ಏಷ್ಯನ್ ಮತ್ತು ಮಿಡಲ್ ಈಸ್ಟರ್ನ್ ಎಂಬ ಆಯ್ಕೆ ಇರುತ್ತದೆ. ಅದನ್ನು ಆರಿಸಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಫೋಟೋಶಾಪ್‌ನ ಹಳೆಯ ಟೆಕ್ಸ್ಟ್ ಲೇಯರ್ ಆದರೆ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಕೂಡ ಆರಿಸಬೇಕಾಗಬಹುದು. ಆವೃತ್ತಿ ಬದಲಾದಂತೆ ಹೆಸರು, ಜಾಗ ಸ್ವಲ್ಪ ಬದಲಾಗುತ್ತವೆ. ಸುಮ್ನೆ ಗಾಬರಿ ಬೀಳಬೇಡಿ, ಹುಡುಕಿ.

"ಸರ್, ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ರೆ ಸರಿ ಬರುತ್ತಲ್ವಾ?" ಎಂದು ಕನ್ನಡದ ಹಳೆಯ ಟೈಪಿಂಗ್ ಸಾಫ್ಟ್‌ವೇರ್ ನೆನೆದು ಕೇಳುವವರು ಜಾಸ್ತಿ. ಬರುತ್ತದೆ. ಆದರೆ ಅದು ಸಾಫ್ಟ್‌ವೇರಿನ ಲೆಕ್ಕಕ್ಕೆ ಕನ್ನಡವೇ ಅಲ್ಲ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟುಕೊಂಡಿವೆ. ಬೇರೆ ದಾರಿಯೇ ಇಲ್ಲದ ಕಾಲದಲ್ಲಿ 'ನುಡಿ', 'ಬರಹ' ಎಂಬ ಸಾಫ್ಟ್‌ವೇರ್‌ಗಳು ನಮ್ಮ ಕನ್ನಡವನ್ನು ಕಂಪ್ಯೂಟರಿನಲ್ಲಿ ಉಳಿಸಿದವು. ಆ ಋಣ ದೊಡ್ಡದು. ಆದರೆ ಈಗ ಅವೆರಡರಲ್ಲೂ ಯೂನಿಕೋಡ್ ಇದೆ, ಹಳೆಯ ಫಾಂಟ್ ಯಾಕೆ? ಆ ಫಾಂಟ್ ಇಲ್ಲದ ಪ್ರೆಸ್‌ಗೆ ಫೈಲ್ ಹೋದರೆ, ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ ಅಕ್ಷರಗಳ ಸಾಲು ತೆರೆದುಕೊಳ್ಳುತ್ತದೆ. ಫ್ಲೆಕ್ಸ್ ಹಾಕುವ ಹುಡುಗ ಮರಾಠಿಯವನು. ಹೀಗೆ ಪೂರ್ತಿ ಕೆಟ್ಟರೆ ಅವನಿಗೂ ಗೊತ್ತಾಗುತ್ತದೆ. ಒಂದು ಒತ್ತು ಬಿಟ್ಟುಹೋದರೆ ಗೊತ್ತಾಗುವುದಿಲ್ಲ. ಅವನ ತಪ್ಪೂ ಅಲ್ಲ. ಅದನ್ನು ನಾವೇ ನೋಡಬೇಕು.

ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳಿವೆ. ಅವನ್ನು ಬಳಸಿ. ಆದರೆ ನಡುವಿನ ಇಂಗ್ಲಿಷ್ ಪದ, ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ಓದಿ. ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಬೇಡಿ, ಗುಣಿತ ಚೆಲ್ಲಾಪಿಲ್ಲಿ ಆಗುವುದೇ ಹೆಚ್ಚು. ಫಾಂಟಿಗೂ ಬರವಿಲ್ಲ. ಬಲೂ ತಮ್ಮ, ಅನೇಕ್ ಕನ್ನಡ ಎರಡೂ ಉಚಿತ. ಎರಡನ್ನೂ ಮಾಡಿದ್ದು ನಮ್ಮ ಮುಂಬೈಯ ಏಕ್ ಟೈಪ್.

ಎಂಜಿನ್ ಸರಿಯಾದಮೇಲೂ ಮೋಷನ್ ಗ್ರಾಫಿಕ್ಸ್‌ನಲ್ಲಿ ಒಂದು ತೊಡಕಿದೆ. ಅಕ್ಷರಗಳನ್ನು ಒಂದೊಂದಾಗಿ ಹಾರಿಸುವ ಅನಿಮೇಷನ್ ಹಾಕಿದರೆ, ಮೂಲಾಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ ಹೋಗಬಹುದು. ಆಫ್ಟರ್ ಎಫೆಕ್ಟ್ಸ್‌ನ ರೇಂಜ್ ಸೆಲೆಕ್ಟರ್‌ನ ಅಡ್ವಾನ್ಸ್ಡ್‌ನಲ್ಲಿ ಬೇಸ್ಡ್ ಆನ್ ಎಂಬುದನ್ನು ಕ್ಯಾರೆಕ್ಟರ್ಸ್‌ನಿಂದ ವರ್ಡ್ಸ್‌ಗೆ ಬದಲಿಸಿ. ಇಡೀ ಪದ ಒಟ್ಟಿಗೆ ಬರುತ್ತದೆ, ನೋಡಲೂ ಚೆಂದ. ಅಕ್ಷರವೇ ಹಾರಬೇಕು ಎಂದು ಸಂಘದವರು ಹಟ ಹಿಡಿದರೆ, ಕ್ರಿಯೇಟ್ ಶೇಪ್ಸ್ ಫ್ರಂ ಟೆಕ್ಸ್ಟ್ ಕೊಟ್ಟು, ಅಕ್ಷರ ಮತ್ತು ಒತ್ತನ್ನು ಕೈಯಾರೆ ಗುಂಪು ಮಾಡಿ. ಅದಕ್ಕೆ ಮೊದಲು ಕಾರ್ಯದರ್ಶಿಯವರಿಂದ ಕಾಗುಣಿತಕ್ಕೆ ಒಪ್ಪಿಗೆ ತಗೊಳ್ಳಿ. ಶೇಪ್ ಆದಮೇಲೆ ಅದರಲ್ಲಿ ಹೆಸರು ತಿದ್ದಲು ಬರುವುದಿಲ್ಲ.