ಬೀರುವಿನೊಳಗಿನ ಕಿಟ್, ಕೈಯೊಳಗಿನ ಬಳಪ

ಗದಗದ ಹತ್ತಿರ, ಹಳೆಯ ಕಲ್ಲಿನ ಗುಡಿಗಳಿರುವ ಲಕ್ಕುಂಡಿಗೆ ಶಾಲೆ ಮಕ್ಕಳ ಟ್ರಿಪ್ ಹೋದರೆ ಏನಾಗುತ್ತದೆ? ಸಾಲಾಗಿ ನಿಲ್ಲು, ಗದ್ದಲ ಮಾಡಬೇಡ, ಬರ್ಕೊ: ಬ್ರಹ್ಮ ಜಿನಾಲಯ, ಕಟ್ಟಿಸಿದವಳು ಅತ್ತಿಮಬ್ಬೆ, 1007. ಬುತ್ತಿ ಬಿಚ್ಚು, ಬಸ್ ಹತ್ತು.

ಮಾಡಿ ಕಲಿಯಬೇಕು ಅನ್ನುವುದು ಹೊಸ ಮಾತೇನಲ್ಲ. ನಮ್ಮ ಧಾರವಾಡ ಸೀಮೆ ಇನ್ನೂ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಪಾಠ ಆಗಲಿ ಎಂದಿದ್ದರು. ನೂಲುತ್ತಲೇ ಲೆಕ್ಕ, ಮಣ್ಣಿನ ಗುಣ, ಬಟ್ಟೆ ವ್ಯಾಪಾರದ ಚರಿತ್ರೆ. ಎರೆಹೊಲದ ಹತ್ತಿ ಸೀಮೆಗೆ ಹೇಳಿ ಮಾಡಿಸಿದ ಮಾತು. ಆದರೆ ಬಹಳ ಕಡೆ ನೂಲುವ ತಕಲಿ ಉಳಿಯಿತು, ಪಾಠ ಜಾರಿತು. ನೂಲುವುದೂ ಒಂದು ಪಿರಿಯಡ್ ಆಯಿತು.

1987ರಲ್ಲಿ ಪ್ರಾಥಮಿಕ ಶಾಲೆಗಳಿಗೆ ಬೇಕಾದ ಸಾಮಾನು ಒದಗಿಸುವ ಕೇಂದ್ರ ಸರ್ಕಾರದ ಯೋಜನೆ, ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಹಳ್ಳಿ ಶಾಲೆಗಳಿಗೂ ವಿಜ್ಞಾನದ ಕಿಟ್. ನಾನು ಕಲಿತ ಶಾಲೆಯಲ್ಲಿ ಅದು ಬೀರುವಿನಲ್ಲೇ ಇತ್ತು. ಸಾಹೇಬರು ಬಂದ ದಿನ ಮೇಜಿನ ಮೇಲೆ, ಅವರು ಹೋದ ಮೇಲೆ ಮತ್ತೆ ಬೀಗ. ಒಂದು ಲೆನ್ಸ್ ಒಡೆದರೂ ಮಾಸ್ತರೇ ಲೆಕ್ಕ ಕೊಡಬೇಕಿತ್ತು. ಅವರ ಭಯವೂ ಸುಳ್ಳಲ್ಲ ಬಿಡಿ.

ಆಮೇಲೆ ನಲಿ-ಕಲಿ, ಅಂದರೆ ಚಟುವಟಿಕೆ ಮಾಡುತ್ತ ಕಲಿಯುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು, 2009-10ಕ್ಕೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತರು, ಕೈಗೆ ಕಾರ್ಡ್ ಬಂತು. ಒಳ್ಳೆಯದೇ. ಆದರೆ ಕಾರ್ಡಿನ ಮೇಲಿನ ಕಲ್ಲಿಗೆ ತೂಕವಿಲ್ಲ, ಅಲ್ವಾ?

ಲಕ್ಕುಂಡಿಯಲ್ಲಿ ಕಲ್ಲಿಗೇನು ಬರ! ಅಲ್ಲಿನ ಗುಡಿಗಳದ್ದು ಬಳಪದ ಕಲ್ಲಿನ ಜಾತಿ. ಹಾಗಂತ ಗುಡಿ ಗೋಡೆ ಕೆರೆಯುವುದು ಬೇಡ. ಸ್ಲೇಟಿಗೆ ಬರೆಯುವ ಒಂದು ಬಳಪ, ಮರಳುಗಲ್ಲಿನ ಒಂದು ಚೂರು, ಒಂದು ಮೊಳೆ ಸಾಕು. ಎಲ್ಲಾ ಸೇರಿ ಹತ್ತು ರೂಪಾಯಿಯೂ ಆಗುವುದಿಲ್ಲ. ಬಳಪದ ಮೇಲೆ ಮೊಳೆ ಎಳೆದರೆ ಮೆತ್ತಗೆ ಬಿಳಿ ಪುಡಿ, ಕೂದಲೆಳೆಯಂಥ ಗೀರು. ಉಗುರಿನಿಂದಲೂ ಗೀರಬಹುದು. ಮರಳುಗಲ್ಲಿನ ಮೇಲೆ ಮೊಳೆ ಕಿರ್ರ್ ಅನ್ನುತ್ತದೆ, ಹರಳು ಉದುರುತ್ತವೆ, ಗೆರೆ ನೆಟ್ಟಗೆ ಬರುವುದಿಲ್ಲ.

ಈಗ ಕೇಳಿ: ಬಾದಾಮಿಯ ಚಾಲುಕ್ಯರು ಮರಳುಗಲ್ಲಿನಲ್ಲಿ ಗುಡಿ ಕಟ್ಟಿದರು, ನಾಲ್ಕೈದು ನೂರು ವರ್ಷದ ಮೇಲೆ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲನ್ನೇ ಯಾಕೆ ಬದಲಿಸಿದರು? ಕಂಬಕ್ಕೆ ಬಳೆ ತೊಡಿಸಿದ ಹಾಗೆ ಅಷ್ಟು ನುಣ್ಣಗೆ ಕಡೆದದ್ದು ಹೇಗೆ? ವಿಜ್ಞಾನ ಎಲ್ಲಿ ಮುಗಿಯಿತು, ಇತಿಹಾಸ ಎಲ್ಲಿ ಶುರುವಾಯಿತು ಅಂತ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಪ್ರಾಥಮಿಕದಲ್ಲಿ ಎರಡಕ್ಕೂ ಪರಿಸರ ಅಧ್ಯಯನ ಅಂತ ಒಂದೇ ಪುಸ್ತಕ ಇರುವುದೂ ಅದಕ್ಕೇ.

ಅಂಗೈಗೆ ಬಳಪದ ಪುಡಿ ಮೆತ್ತಿಕೊಂಡ ಮೇಲೆ ಲಕ್ಕುಂಡಿ ಬಸ್ ಹತ್ತಲಿ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಬಳ್ಳಿ ಕೆತ್ತನೆ ಮುಂದೆ ಸಾಲಾಗಿ ನಿಲ್ಲದಿದ್ದರೂ ಪರವಾಗಿಲ್ಲ.